ಅಟ್ಟದ ಇಲಿಗೆ ಅಂಗಳದ ಬೆಕ್ಕು: ಮೂರು ವರ್ಷ ಇಟ್ಟುಕೊಂಡು ನೋಡಿದ ಮೇಲೆ

ಸಾಗರ ಪೇಟೆಯಿಂದ ಒಳಕ್ಕೆ ಹೋದರೆ ಸಿಗುವ ನಮ್ಮ ಊರಿನಲ್ಲಿ ಇಲಿಯ ಕಾಟವಿಲ್ಲದ ಮನೆಯೆಂದರೆ ಬೀಗ ಹಾಕಿ ವರ್ಷಗಳಾದ ಮನೆ ಮಾತ್ರ. ಅಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ. ಜನ ವಾಸವಿರುವ ಕಡೆಗಳಲ್ಲಿ ಹಂಚಿನ ಮಾಡು, ಮಾಡಿನ ಕೆಳಗೆ ಅಡಿಕೆ ಚೀಲ ಪೇರಿಸಿದ ಅಟ್ಟ, ಪಕ್ಕದ ಕೊಟ್ಟಿಗೆಯಲ್ಲಿ ಹಿಂಡಿಯ ಮೂಟೆ, ಬಚ್ಚಲ ಒಲೆಯ ಹತ್ತಿರ ಕಟ್ಟಿಗೆ ಮತ್ತು ಅಡಿಕೆ ಸಿಪ್ಪೆಯ ರಾಶಿ, ಇವೆಲ್ಲ ಇದ್ದೇ ಇರುತ್ತವೆ; ಇಲಿಗೆ ಊಟ, ವಸತಿ, ಬೆಚ್ಚಗಿನ ಹಾಸಿಗೆ ಮೂರೂ ಒಂದೇ ಸೂರಿನಡಿ ಸಿಗುತ್ತವೆ. ನಮ್ಮ ಮನೆಯಲ್ಲಿ ಇಲಿ ಹಿಡಿಯುವ ಕೆಲಸಕ್ಕೆಂದೇ ಎರಡು ಬೆಕ್ಕುಗಳನ್ನು ತಂದು ಈಗ ಮೂರು ವರ್ಷ ತುಂಬಿದೆ. ಪೇಟೆಯಲ್ಲಿ ಕೊಂಡ ಯಂತ್ರವನ್ನೋ ಗೊತ್ತು ಮಾಡಿಕೊಂಡ ಸೇವೆಯನ್ನೋ ಹೇಗೆ ತೂಗಿ ನೋಡುತ್ತೇವೆಯೋ ಹಾಗೆಯೇ ಈ ವ್ಯವಸ್ಥೆಯನ್ನೂ ತೂಗಿ ನೋಡಬಹುದೆಂದು ಇದನ್ನು ಬರೆಯುತ್ತಿದ್ದೇನೆ. ಅಂಕ ಕೊಡಲೇಬೇಕೆಂದರೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕದಲ್ಲಿ ಅರ್ಧ ಹೆಗ್ಗಣದ ಲೆಕ್ಕಕ್ಕೆ, ಉಳಿದ ಒಂದು ಹಕ್ಕಿಗಳ ಲೆಕ್ಕಕ್ಕೆ.

ಬೆಕ್ಕಿಗೆ ಬರುವ ಮುಂಚೆ ಪೇಟೆಯಲ್ಲಿ ಸಿಗುವುದನ್ನೆಲ್ಲ ಒಂದು ಸುತ್ತು ಪ್ರಯೋಗಿಸಿ ಆಗಿತ್ತು. ತಂತಿಯ ಇಲಿಬೋನು ಮೊದಲ ವಾರ ಚೆನ್ನಾಗಿ ಕೆಲಸ ಮಾಡಿತು. ಸುಟ್ಟ ಕೊಬ್ಬರಿಯ ಚೂರಿಗೆ ದಿನಕ್ಕೊಂದರಂತೆ ಇಲಿಗಳು ಬಿದ್ದವು. ಆಮೇಲೆ ಬೋನಿನ ಬಾಯಿಯವರೆಗೆ ಬಂದು ಹಿಕ್ಕೆ ಹಾಕಿ ಹೋಗುವಷ್ಟು ಅವು ಜಾಣವಾದವು. ವಿದ್ಯುತ್ ಪ್ಲಗ್ಗಿಗೆ ಸಿಕ್ಕಿಸುವ, ನಮ್ಮ ಕಿವಿಗೆ ಕೇಳಿಸದ ಶಬ್ದ ಹೊರಡಿಸಿ ಇಲಿ ಓಡಿಸುತ್ತದೆಂದು ಹೇಳುವ ಪೆಟ್ಟಿಗೆಯೊಂದನ್ನೂ ತರಿಸಿದ್ದೆವು. ಹತ್ತನೆಯ ದಿನ ಆ ಪೆಟ್ಟಿಗೆಯ ತಂತಿಯನ್ನೇ ಇಲಿ ಕಡಿದಿತ್ತು. ಅಂಟಿನ ಹಲಗೆಯನ್ನು ಒಂದೇ ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ಅದರಲ್ಲಿ ಒಂದು ಮರಿ ಇಲಿ, ಎರಡು ಹಲ್ಲಿ, ಒಂದು ಹಾವುರಾಣಿ ಜೀವಂತವಾಗಿ ಅಂಟಿಕೊಂಡು ಒದ್ದಾಡುತ್ತಿದ್ದವು. ಕೊಬ್ಬರಿ ಎಣ್ಣೆ ಸುರಿದು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಅಂಥ ಹಲಗೆಗಳ ವಿರುದ್ಧ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹಿಂದೆಯೇ ಸುತ್ತೋಲೆ ಹೊರಡಿಸಿದೆ ಎಂದು ಗೊತ್ತಾದದ್ದು ಆಮೇಲೆ. ಗೊತ್ತಿರದಿದ್ದರೂ ನಾನು ಅದನ್ನು ಎರಡನೆಯ ಸಲ ಇಡುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಇಲಿ ಪಾಷಾಣ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕಪ್ಪು ಪುಡಿ ಸಾಮಾನ್ಯವಾಗಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ನೀಲಿ ಬಿಲ್ಲೆಗಳಲ್ಲಿರುವುದು ಹೆಚ್ಚಾಗಿ ಬ್ರೊಮಾಡಯೊಲೋನ್. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ, ತಿಂದ ಕೆಲವು ದಿನಗಳ ನಂತರ ಇಲಿಯನ್ನು ಒಳಗೊಳಗೇ ರಕ್ತ ಸೋರಿಸಿ ಕೊಲ್ಲುತ್ತದೆ. ಹಳದಿ ರಂಜಕದ ಪೇಸ್ಟಿಗಂತೂ ಮನುಷ್ಯರ ಮಟ್ಟಿಗೂ ಪ್ರತ್ಯೌಷಧವಿಲ್ಲ. ಚಿಕ್ಕ ಮಕ್ಕಳೂ ದನಕರುಗಳೂ ಇರುವ ಮನೆಯಲ್ಲಿ ಇವುಗಳಲ್ಲಿ ಯಾವುದನ್ನೂ ಇಡುವ ಧೈರ್ಯ ನಮಗಾಗಲಿಲ್ಲ. ಅದಲ್ಲದೆ, ಅಟ್ಟದ ಹಲಗೆಯ ಸಂದಿನಲ್ಲಿ ಸತ್ತ ಇಲಿಯನ್ನು ವಾಸನೆಯ ಜಾಡು ಹಿಡಿದು ಹುಡುಕಿದವರು ಯಾರೂ ಆ ಅನುಭವವನ್ನು ಮತ್ತೆ ಬಯಸುವುದಿಲ್ಲ.

ಮೊದಲು ತಂದ ಬೆಕ್ಕಿನ ವಿಷಯದಲ್ಲಿ ತಪ್ಪು ಪೂರ್ತಿ ನಮ್ಮದೇ. ಮೂರು ಮೈಲಿ ಆಚೆಯ ನೆಂಟರ ಮನೆಯಿಂದ, ದಾರಿ ಗುರುತು ಸಿಗದಿರಲೆಂದು ಹಳೆಯ ಪದ್ಧತಿಯಂತೆ ಗೋಣಿಚೀಲದಲ್ಲಿ ಹಾಕಿ ತಂದು, ಅಂಗಳದಲ್ಲಿ ಚೀಲದ ಬಾಯಿ ಬಿಚ್ಚಿ, ಮುಂದೆ ಒಂದು ಬಟ್ಟಲು ಹಾಲು ಇಟ್ಟೆವು. ಅದು ಹಾಲಿನ ಕಡೆ ನೋಡಲೂ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ದರಕಿನ ರಾಶಿ ಹಾರಿ ತೋಟದೊಳಗೆ ಹೋದದ್ದು ಇವತ್ತಿನವರೆಗೆ ಬಂದಿಲ್ಲ. ನೆಂಟರ ಮನೆಗೂ ಮರಳಲಿಲ್ಲ. ಬೆಕ್ಕಿಗೆ ಮನುಷ್ಯರಿಗಿಂತ ಜಾಗ ಮುಖ್ಯವೆಂಬ ಮಾತನ್ನು ಎಲ್ಲರೂ ಆಡುತ್ತಾರೆ. ಅದರ ಪ್ರಕಾರ ನಡೆದುಕೊಳ್ಳುವುದನ್ನು ಮಾತ್ರ ಮರೆಯುತ್ತಾರೆ.

ಎರಡನೆಯ ಸಲ ಒಂದೇ ತಾಯಿಯ ಎರಡು ಹೆಣ್ಣು ಮರಿಗಳನ್ನು ತಂದೆವು. ಒಂದು ಬೂದು ಬಣ್ಣದ್ದಾದ್ದರಿಂದ ಬೂದಿ, ಇನ್ನೊಂದು ಮೈತುಂಬ ಪಟ್ಟೆಯಿದ್ದದ್ದರಿಂದ ಪಟ್ಟೆ. ಇಲಿ ಹಿಡಿಯುವುದನ್ನು ತಾಯಿಯ ಹಿಂದೆ ತಿರುಗಿ ಕಲಿತ ಮರಿಗಳೇ ಬೇಕೆಂದು ಕೇಳಿ, ಮೂರು ತಿಂಗಳು ತುಂಬುವವರೆಗೆ ಕಾದು ತಂದದ್ದು ಒಳ್ಳೆಯದಾಯಿತು. ಕೊಟ್ಟಿಗೆಗೆ ಹೊಂದಿಕೊಂಡ ಹಿಂಡಿಯ ಕೋಣೆಯಲ್ಲಿ ಮೂರು ವಾರ ಕೂಡಿಹಾಕಿದೆವು. ಊಟ, ನೀರು, ಒಂದು ಬುಟ್ಟಿ ಮರಳು, ಮಲಗಲು ಹಳೆಯ ಕಂಬಳಿ, ಎಲ್ಲವೂ ಅಲ್ಲಿಯೇ. ನಾಲ್ಕನೆಯ ವಾರ ಸಂಜೆ ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಹಸಿದಿರುವಾಗ ಬಾಗಿಲು ತೆಗೆದೆವು. ಅರ್ಧ ಗಂಟೆ ಅಂಗಳವೆಲ್ಲ ಮೂಸಿ ನೋಡಿ, ತಟ್ಟೆಯ ಸದ್ದು ಕೇಳಿದೊಡನೆ ಎರಡೂ ವಾಪಸು ಬಂದವು. ಈ ಮೂರು ವಾರಗಳ ಕೂಡಿಹಾಕುವಿಕೆ ಇಡೀ ವ್ಯವಸ್ಥೆಯ ಅಡಿಪಾಯವೆಂದು ನಾನು ಈಗ ನಂಬಿದ್ದೇನೆ.

ಇನ್ನು ಕೆಲಸದ ಗುಣಮಟ್ಟ. ಮೊದಲ ಮಳೆಗಾಲದ ಕೊನೆಯಲ್ಲಿ ಒಂದು ರಾತ್ರಿ ಅಟ್ಟದ ಮೇಲೆ ಟಾರ್ಚು ಹಿಡಿದು ಹೋದಾಗ ಪಟ್ಟೆ ಗೋಡೆಯ ಮೂಲೆಯ ಒಂದು ಸಂದಿಗೆ ಎದುರಾಗಿ, ಮುಂಗಾಲುಗಳನ್ನು ಎದೆಯ ಕೆಳಗೆ ಮಡಚಿಕೊಂಡು ಕುಳಿತಿತ್ತು. ಬೆಳಕು ಬಿದ್ದರೂ ತಲೆ ತಿರುಗಿಸಲಿಲ್ಲ. ಬಾಲದ ತುದಿ ಮಾತ್ರ ಒಂದೇ ಒಂದು ಬಾರಿ ಅಲುಗಿತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದಾಗಲೂ ಅದೇ ಜಾಗ, ಅದೇ ಭಂಗಿ. ಹೀಗೆ ನಾಲ್ಕು ರಾತ್ರಿ ಕುಳಿತು ಐದನೆಯ ಬೆಳಿಗ್ಗೆ ಹೊಸ್ತಿಲ ಮುಂದೆ ಉದ್ದ ಬಾಲದ ಒಂದು ಹಂಚಿಲಿಯನ್ನು ತಂದು ಹಾಕಿತು. ಆ ಸಂದಿನಿಂದ ಆ ವರ್ಷ ಇನ್ನೊಂದು ಇಲಿ ಬಂದದ್ದು ನಾನು ಕಾಣೆ. ಅಟ್ಟದಲ್ಲಿ ಹಿಕ್ಕೆ ಗುಡಿಸುವ ಕೆಲಸ ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಗೆ ಇಳಿಯಿತು. ಸುಗ್ಗಿಯ ನಂತರ ಅಡಿಕೆ ತುಂಬಿದ ಚೀಲಗಳನ್ನು ಇಳಿಸುವಾಗ ಹಿಂದಿನ ವರ್ಷಗಳಲ್ಲಿ ತಳ ಕಡಿದ ಚೀಲಗಳಿಂದ ಅಡಿಕೆ ಸುರಿದು ಏಣಿಯ ಮೆಟ್ಟಿಲ ಮೇಲೆಲ್ಲ ಉರುಳುತ್ತಿತ್ತು. ಆ ವರ್ಷ ಎರಡೇ ಚೀಲಗಳಿಗೆ ತೇಪೆ ಹಾಕಬೇಕಾಯಿತು.

ಆದರೆ ಈ ಯಶಸ್ಸಿಗೆ ಒಂದು ಮುನ್ನುಡಿ ಇದೆ. ಬೆಕ್ಕುಗಳನ್ನು ಹೊರಗೆ ಬಿಡುವ ಮುಂಚಿನ ಆ ಮೂರು ವಾರಗಳಲ್ಲಿ ನಾವು ಮತ್ತೆರಡು ಬೋನುಗಳನ್ನು ತಂದು, ದಿನಕ್ಕೊಂದು ಕಡೆ ಜಾಗ ಬದಲಿಸಿ, ಇಲಿಗಳ ಸಂಖ್ಯೆಯನ್ನು ಸಾಕಷ್ಟು ಇಳಿಸಿದ್ದೆವು. ಹಿಂಡಿಯನ್ನು ತಗಡಿನ ಪೀಪಾಯಿಗೆ ತುಂಬಿದ್ದೆವು. ಇದನ್ನು ಯೋಚಿಸಿ ಮಾಡಿದೆವೆಂದು ಹೇಳಿಕೊಳ್ಳಲಾರೆ, ಆದರೆ ಮಾಡಿದ್ದು ಸರಿಯಾಗಿತ್ತು. ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ ಅಲ್ಲಿನ ಕೃಷಿ ಮನೆಗಳ ಬೆಕ್ಕುಗಳನ್ನು ಗಮನಿಸಿ 1953ರಲ್ಲಿ ಪ್ರಕಟಿಸಿದ ಲೇಖನದ ಸಾರವೂ ಇದೇ: ಇಲಿಗಳು ಆಗಲೇ ಬೇರೂರಿರುವ ಕಡೆ ಬೆಕ್ಕುಗಳು ಅವುಗಳನ್ನು ನಿರ್ಮೂಲ ಮಾಡಲಾರವು, ಬೇರೆ ಉಪಾಯದಿಂದ ಒಮ್ಮೆ ಖಾಲಿ ಮಾಡಿದ ಕಟ್ಟಡಕ್ಕೆ ಅವು ಮತ್ತೆ ಬರದಂತೆ ತಡೆಯಬಲ್ಲವು. ಲೆಕ್ಕ ಹಾಕಿದರೆ ಇದು ಸಹಜವೇ. ಒಂದು ಹೆಣ್ಣಿಲಿ ಸುಮಾರು ಮೂರು ವಾರಗಳಲ್ಲಿ ಗರ್ಭ ತುಂಬಿ ಆರೆಂಟು ಮರಿ ಹಾಕುತ್ತದೆ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ. ನಾಲ್ಕು ರಾತ್ರಿ ಕುಳಿತು ಒಂದನ್ನು ಹಿಡಿಯುವ ಬೇಟೆಗಾರನ ವೇಗ ಅದಕ್ಕೆ ಸಾಲದು.

ಹೆಗ್ಗಣದ ವಿಷಯದಲ್ಲಿ ನಮ್ಮ ಬೆಕ್ಕುಗಳು ಸಂಪೂರ್ಣ ಸೋತಿವೆ. ಬಚ್ಚಲ ನೀರು ಹೋಗುವ ಮೋರಿಯ ಬಾಯಲ್ಲಿ ಒಂದು ಸಂಜೆ ಬೂದಿಯೂ ಒಂದು ದೊಡ್ಡ ಹೆಗ್ಗಣವೂ ಮುಖಾಮುಖಿಯಾದದ್ದನ್ನು ನಾನು ಪಾತ್ರೆ ತೊಳೆಯುವ ಕಟ್ಟೆಯ ಮೇಲಿಂದ ನೋಡಿದೆ. ಹೆಗ್ಗಣ ಬೆನ್ನಿನ ಕೂದಲು ನಿಮಿರಿಸಿ, ಗುರ್ರೆಂದು ಸದ್ದು ಮಾಡಿ, ಎರಡು ಹೆಜ್ಜೆ ಮುಂದೆಯೇ ಬಂತು. ಬೂದಿ ಬಹಳ ಘನತೆಯಿಂದ ಬೇರೆ ಕಡೆ ನೋಡುತ್ತ, ಅಲ್ಲಿಗೆ ತಾನು ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದೆನೆಂಬಂತೆ ಕಾಲು ನೆಕ್ಕಿಕೊಂಡು ಹಿಂದೆ ಸರಿಯಿತು. ಅದನ್ನು ಹೇಡಿಯೆಂದು ಕರೆಯುವುದು ನ್ಯಾಯವಲ್ಲ; ಬಲಿತ ಹೆಗ್ಗಣ ಒಂದು ಕಿಲೋ ತೂಗಬಹುದು, ನಮ್ಮ ಬೂದಿಯ ತೂಕ ಮೂರು ಕಿಲೋ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ಮರುಬಳಕೆಯ ಘಟಕವೊಂದರಲ್ಲಿ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿದೆ. ದೊಡ್ಡ ಇಲಿಗಳೇ ತುಂಬಿದ್ದ ಆ ಜಾಗದಲ್ಲಿ 79 ದಿನಗಳ ಅವಧಿಯಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಇಲಿಗಳನ್ನು. ಬೆಕ್ಕು ಸುಳಿದಾಡಿದ ದಿನ ಇಲಿಗಳು ಬಯಲಿಗೆ ಬರುವುದು ಕಡಿಮೆಯಾಗಿತ್ತು, ಅಷ್ಟೇ. ಬೆಕ್ಕು ತಂದ ಮೇಲೆ ಇಲಿಗಳೇ ಕಾಣಿಸುತ್ತಿಲ್ಲ ಎಂದು ಹೇಳುವವರು ಕಾಣಿಸದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಹಿಕ್ಕೆ ಗುಡಿಸಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಊಟದ ಬಗ್ಗೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. “ಹೊಟ್ಟೆ ತುಂಬ ಹಾಕಿದರೆ ಅದು ಇಲಿ ಯಾಕೆ ಹಿಡಿಯುತ್ತದೆ? ಅರೆಹೊಟ್ಟೆಯಲ್ಲಿ ಇಡಬೇಕು” ಎಂಬುದು ಅಮ್ಮನ ವಾದ, ಊರಿನ ಬಹುಮತವೂ ಅವರದೇ ಕಡೆ. ವಿಜಯನಗರದ ಅರಸ ಇಲಿಯ ಕಾಟಕ್ಕೆಂದು ಮನೆಮನೆಗೂ ಬೆಕ್ಕು ಹಂಚಿ, ಅದರ ಹಾಲಿಗೆಂದು ಒಂದೊಂದು ಹಸುವನ್ನೂ ಕೊಟ್ಟ ತೆನಾಲಿ ರಾಮಕೃಷ್ಣನ ಕಥೆಯನ್ನು ನಾನು ನೆನಪಿಸಿದೆ. ಬೆಕ್ಕಿನ ಹಾಲನ್ನು ತಾನೇ ಕುಡಿದವನ ಮನೆಯ ಬೆಕ್ಕು ಯಾವ ಸ್ಥಿತಿಗೆ ಬಂತೆಂಬುದು ಎಲ್ಲರಿಗೂ ಗೊತ್ತು. ಕಥೆ ಹಾಗಿರಲಿ, ಬೆಕ್ಕಿನ ಬೇಟೆಯ ಹುಮ್ಮಸ್ಸು ಹಸಿವಿನ ಮೇಲೆ ಪೂರ್ತಿ ನಿಂತಿಲ್ಲ. ತಟ್ಟೆಯಲ್ಲಿ ತನಗಿಷ್ಟವಾದ ಊಟ ಮಾಡುತ್ತಿರುವ ಬೆಕ್ಕು ಇಲಿ ಕಂಡೊಡನೆ ಊಟ ಬಿಟ್ಟು ಎದ್ದು ಹೋಗಿ, ಅದನ್ನು ಕೊಂದು, ಮರಳಿ ಬಂದು ಊಟ ಮುಂದುವರಿಸುತ್ತದೆ. ಅರೆಹೊಟ್ಟೆಯ ಬೆಕ್ಕು ಮಾತ್ರ ಊಟ ಸಿಗುವ ಕಡೆಗೆ, ಎಂದರೆ ಪಕ್ಕದ ಮನೆಗೆ, ನಡೆದುಬಿಡುತ್ತದೆ; ಎಲ್ಟನ್ ಕೂಡ ಬೆಕ್ಕುಗಳನ್ನು ಕಟ್ಟಡದ ಹತ್ತಿರ ಉಳಿಸಿಕೊಳ್ಳಲು ದಿನವೂ ಹಾಲು ಕೊಡಬೇಕೆಂದೇ ಹೇಳಿದ್ದಾರೆ.

ಏನು ಹಾಕಬೇಕೆಂಬುದು ಅದಕ್ಕಿಂತ ತೊಡಕಿನ ಪ್ರಶ್ನೆ. ನಮ್ಮದು ಮೀನು ಮಾಂಸ ಒಳಗೆ ಬಾರದ ಮನೆ. ನಮ್ಮ ಅಜ್ಜಿಯ ಕಾಲದ ಬೆಕ್ಕುಗಳೆಲ್ಲ ಮೊಸರನ್ನದ ಮೇಲೆಯೇ ಬದುಕಿದವು ಎಂದು ಹೇಳುವುದುಂಟು, ಆದರೆ ಅವು ಉಳಿದದ್ದು ಹಿಡಿದು ತಿಂದ ಇಲಿ, ಹಲ್ಲಿ, ಮಿಡತೆಗಳಿಂದ. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು, ಅದು ಮಾಂಸದಲ್ಲಿ ಮಾತ್ರ ಸಾಕಷ್ಟಿರುತ್ತದೆ. ಅದಿಲ್ಲದೆ ಕಣ್ಣು ಕುರುಡಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಬಲಿತ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣವೂ ಆಗುವುದಿಲ್ಲ. ಕೊನೆಗೆ ಪೇಟೆಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರವನ್ನು ಕೊಟ್ಟಿಗೆಯ ಕಡೆಯೇ ಇಟ್ಟು ಅಲ್ಲಿಯೇ ಹಾಕುವುದೆಂದು ರಾಜಿಯಾಯಿತು. ಎರಡಕ್ಕೂ ಸೇರಿ ತಿಂಗಳಿಗೆ ಸುಮಾರು ಒಂಬೈನೂರು ರೂಪಾಯಿ ಆಗುತ್ತದೆ. ಅಮ್ಮ ಈಗಲೂ ಮಧ್ಯಾಹ್ನ ಒಂದು ತುತ್ತು ಮೊಸರನ್ನ ಕಲಸಿ ಹಾಕುತ್ತಾರೆ. ಬೂದಿ ಅದನ್ನು ಅವರ ಮರ್ಯಾದೆಗೆಂದು ನೆಕ್ಕುತ್ತದೆ.

ಈ ಸೇವೆಯಲ್ಲಿ ನೀವು ಕೇಳದಿದ್ದ ಕೆಲಸಗಳೂ ಸೇರಿಯೇ ಬರುತ್ತವೆ. ಸುಂಡಿಲಿಯನ್ನು ಕೊಂದು, ಅದರ ನಾತಕ್ಕೆ ತಿನ್ನದೆ, ಹಾಸಿದ ಅಡಿಕೆಯ ನಡುವೆ ಬಿಟ್ಟು ಹೋಗುತ್ತವೆ. ಸುಂಡಿಲಿ ಹೆಚ್ಚಾಗಿ ಹುಳುಹುಪ್ಪಟೆ ತಿನ್ನುವ ಪ್ರಾಣಿಯಾದ್ದರಿಂದ ಅದನ್ನು ಕೊಲ್ಲುವುದರಿಂದ ನಮಗೆ ಲಾಭವೇನಿಲ್ಲ. ಇಲಿ ಕಡಿಮೆಯಾದರೆ ಅದರ ಬೆನ್ನು ಹತ್ತಿ ಬರುವ ನಾಗರ, ಕೇರೆಗಳೂ ಮನೆಯ ಸುತ್ತ ಕಡಿಮೆಯಾಗುತ್ತವೆಂಬ ಲೆಕ್ಕ ಸರಿಯೇ ಇರಬಹುದು, ಆದರೆ ಒಮ್ಮೆ ಪಟ್ಟೆ ಜೀವವಿದ್ದ ಹಾವಿನ ಮರಿಯನ್ನು ಜಗಲಿಗೆ ತಂದು ಆಟವಾಡಿದ್ದೂ ಇದೆ. ಬೆಕ್ಕಿಗೆ ಚೆಲ್ಲಾಟ ಎಂಬ ಗಾದೆಯಲ್ಲಿ ಪ್ರಾಣಸಂಕಟ ಇಲಿಗೆ ಮಾತ್ರವೆಂದು ಹೇಳಿದವರು ನಮ್ಮ ಜಗಲಿಯನ್ನು ನೋಡಿರಲಿಲ್ಲ.

ನನಗೆ ನಿಜವಾಗಿ ನೋವಾದದ್ದು ಹಕ್ಕಿಗಳ ವಿಷಯದಲ್ಲಿ. ಎರಡನೆಯ ಬೇಸಿಗೆಯಲ್ಲಿ, ಕೊಟ್ಟಿಗೆಯ ಗೋಡೆಯ ಪೊಟರೆಯಲ್ಲಿ ವರ್ಷವೂ ಗೂಡು ಮಾಡುವ ಮಡಿವಾಳ ಹಕ್ಕಿಯ ಮರಿಗಳು ಹಾರಲು ಕಲಿಯುವ ದಿನವೇ ಬೂದಿಯ ಬಾಯಿಗೆ ಸಿಕ್ಕವು. ಗಂಡು ಹಕ್ಕಿ ಮೂರು ದಿನ ಹಂಚಿನ ಮೇಲೆ ಕುಳಿತು ಚಿರ್ ಚಿರ್ ಎಂದು ಬಯ್ಯುತ್ತಿತ್ತು. ಅಮೆರಿಕದ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂಬ 2013ರ ಅಂದಾಜನ್ನು ಓದಿದಾಗ ಅಂಥ ಸಂಖ್ಯೆ ಮನಸ್ಸಿಗೆ ಇಳಿಯುವುದಿಲ್ಲ. ಗೋಡೆಯ ಒಂದು ಪೊಟರೆ ಖಾಲಿಯಾದಾಗ ಇಳಿಯುತ್ತದೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾಂಸದ ಅಂಶ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟ ಬೆಕ್ಕುಗಳು ಮನೆಗೆ ತರುವ ಬೇಟೆ 36 ಶೇಕಡಾ ಇಳಿಯಿತು. ದಿನಕ್ಕೆ ಐದು ಹತ್ತು ನಿಮಿಷ ಆಡಿಸಿದರೆ 25 ಶೇಕಡಾ ಇಳಿಯಿತು. ಆ ಇಳಿಕೆಯಲ್ಲಿ ಇಲಿಗಳೂ ಸೇರುವುದರಿಂದ ಅದು ನಮ್ಮಂಥವರಿಗೆ ಪೂರ್ತಿ ಪರಿಹಾರವಲ್ಲ.

ನಾವು ಕಂಡುಕೊಂಡ ದಾರಿ ಪಾಳಿಯನ್ನು ಬದಲಿಸುವುದು. ಇಲಿ ಓಡಾಡುವುದು ರಾತ್ರಿ, ಹಕ್ಕಿ ಓಡಾಡುವುದು ಹಗಲು. ಆದರೆ ರಾತ್ರಿ ಬೆಕ್ಕನ್ನು ಹೊರಗೆ ಬಿಟ್ಟರೆ ನಾಯಿಯ ಭಯ, ನಮ್ಮ ಕಡೆ ಚಿರತೆಯ ಭಯವೂ ಉಂಟು. ಆದ್ದರಿಂದ ಕತ್ತಲಾಗುತ್ತಿದ್ದಂತೆ ಊಟ ಹಾಕಿ ಒಂದನ್ನು ಅಟ್ಟದಲ್ಲಿ, ಇನ್ನೊಂದನ್ನು ಕೊಟ್ಟಿಗೆಯ ಕೋಣೆಯಲ್ಲಿ ಕೂಡುತ್ತೇವೆ. ಎಂದರೆ ಇಲಿ ಎಲ್ಲಿ ಬರಬೇಕೋ ಅಲ್ಲಿಯೇ ಬೆಕ್ಕೂ ಇರುತ್ತದೆ. ಹಕ್ಕಿಗಳು ಮರಿ ಮಾಡುವ ಮಾರ್ಚಿನಿಂದ ಜೂನಿನವರೆಗೆ ಬೆಳಿಗ್ಗೆ ಒಂಬತ್ತರ ಮುಂಚೆ ಬಾಗಿಲು ತೆಗೆಯುವುದಿಲ್ಲ. ರಾತ್ರಿ ದುಡಿದ ಬೆಕ್ಕುಗಳು ಹಗಲು ಬಚ್ಚಲ ಒಲೆಯ ಬೂದಿಯ ಪಕ್ಕದಲ್ಲಿ ಮಲಗುತ್ತವೆ. ಈ ಏರ್ಪಾಟು ಮಾಡಿದ ಮೇಲೆ ಹೊಸ್ತಿಲ ಮುಂದೆ ಹಕ್ಕಿಯ ಗರಿ ಬಿದ್ದದ್ದು ಎರಡೇ ಸಲ. ಹೊರಗಿನ ಬೆಕ್ಕು ಎಂದರೆ ಇಪ್ಪತ್ತನಾಲ್ಕು ಗಂಟೆಯೂ ಹೊರಗಿರುವ ಬೆಕ್ಕೆಂದು ತಿಳಿದಿದ್ದ ನಾನು ಇದನ್ನು ಮೊದಲ ವರ್ಷವೇ ಮಾಡಬೇಕಿತ್ತು.

ಕಳೆದ ವರ್ಷ ಪಟ್ಟೆ ಸಾಯುವ ಸ್ಥಿತಿಗೆ ಬಂದಿತ್ತು. ಎರಡು ದಿನ ಊಟ ಬಿಟ್ಟು ಮುದುಡಿ ಮಲಗಿತ್ತು; ಬಾಯಿ ತೆರೆದು ನೋಡಿದರೆ ಒಸಡು ಸುಣ್ಣದಂತೆ ಬೆಳ್ಳಗೆ, ಮೂಗಿನ ತುದಿಯಲ್ಲಿ ಒಣಗಿದ ರಕ್ತ. ಪಶುವೈದ್ಯರು ನೋಡಿದೊಡನೆ “ಅಕ್ಕಪಕ್ಕದಲ್ಲಿ ಯಾರಾದರೂ ನೀಲಿ ಬಿಲ್ಲೆ ಇಟ್ಟಿದ್ದಾರೆಯೇ?” ಎಂದು ಕೇಳಿದರು. ಇಟ್ಟಿದ್ದರು. ಆ ವಿಷ ತಿಂದ ಇಲಿ ಒಡನೆ ಸಾಯದೆ ಮೂರು ನಾಲ್ಕು ದಿನ ತೂರಾಡುತ್ತಿರುತ್ತದೆ, ಹಾಗೆ ತೂರಾಡುವ ಇಲಿಗಿಂತ ಸುಲಭದ ಬೇಟೆ ಬೆಕ್ಕಿಗೂ ಗೂಬೆಗೂ ಇನ್ನೊಂದಿಲ್ಲ. ವಿಟಮಿನ್ ಕೆ1 ಚುಚ್ಚುಮದ್ದು, ಆಮೇಲೆ ನಾಲ್ಕು ವಾರ ಅದೇ ಮಾತ್ರೆ, ಪಟ್ಟೆ ಉಳಿಯಿತು. ನೆರೆಯವರೊಡನೆ ಜಗಳವಾಡುವ ಬದಲು ಅವರ ಮನೆಗೆ ನಮ್ಮ ಎರಡು ಬೋನುಗಳನ್ನು ಒಯ್ದು ಕೊಟ್ಟೆವು. ಬೆಕ್ಕು ಮತ್ತು ಪಾಷಾಣ ಒಂದೇ ಅಂಗಳದಲ್ಲಿ ನಡೆಯುವುದಿಲ್ಲ. ನಿಮ್ಮ ನೆರೆಯವರು ಪಾಷಾಣ ಬಿಡಲು ಒಪ್ಪದಿದ್ದರೆ ಬೆಕ್ಕು ತರುವ ಯೋಚನೆಯನ್ನೇ ಬಿಡಿ.

ನಿರ್ವಹಣೆಯ ಖರ್ಚನ್ನು ಚುಟುಕಾಗಿ ಹೇಳುತ್ತೇನೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು, ಗರ್ಭದ ಅವಧಿ ಒಂಬತ್ತು ವಾರ; ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಎರಡನೆಯ ವರ್ಷದಲ್ಲಿ ಇಲಿಯ ಸಮಸ್ಯೆಗೆ ಬದಲು ಬೆಕ್ಕಿನ ಸಮಸ್ಯೆ ನಿಮ್ಮದಾಗುತ್ತದೆ. ಮರಿಗಳನ್ನು ಚೀಲದಲ್ಲಿ ತುಂಬಿ ಸಂತೆ ಮಾಳದಲ್ಲಿ ಬಿಟ್ಟು ಬರುವ ರೂಢಿ ನಮ್ಮಲ್ಲಿ ಇನ್ನೂ ಇದೆ; ಹಾಗೆ ಹಸಿವಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಎರಡಕ್ಕೂ ಶಸ್ತ್ರಚಿಕಿತ್ಸೆ, ಮೊದಲ ಸುತ್ತಿನ ಲಸಿಕೆಗಳು ಸೇರಿ ಐದು ಸಾವಿರದೊಳಗೆ ಮುಗಿಯಿತು. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ, ಜಂತಿನ ಔಷಧ ಮೂರು ತಿಂಗಳಿಗೊಮ್ಮೆ. ಇಲಿ ತಿನ್ನುವ ಬೆಕ್ಕಿಗೆ ಎರಡನೆಯದನ್ನು ತಪ್ಪಿಸುವಂತಿಲ್ಲ. ಜ್ವರ ಬಂದಂತೆ ಕಂಡರೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬಾರದು, ಅದು ಬೆಕ್ಕಿಗೆ ವಿಷ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧವೂ ಅಷ್ಟೇ. ಮಳೆಗಾಲದಲ್ಲಿ ಇಲಿಯ ಮೂತ್ರದಿಂದ ಹರಡುವ ಇಲಿ ಜ್ವರಕ್ಕೆ ಬೆಕ್ಕು ಪೂರ್ತಿ ರಕ್ಷಣೆಯಲ್ಲ, ಬರಿಗಾಲಿನಲ್ಲಿ ತೋಟಕ್ಕೆ ಇಳಿಯುವವರು ಗಂಬೂಟು ಹಾಕುವುದೇ ಮೇಲು. ಮನೆಯಲ್ಲಿ ಗರ್ಭಿಣಿಯರಿದ್ದರೆ ಬೆಕ್ಕಿನ ಮರಳಿನ ಬುಟ್ಟಿಯನ್ನು ಬೇರೆಯವರು ದಿನವೂ ತೆಗೆಯಬೇಕು, ತರಕಾರಿ ಮಡಿಯಲ್ಲಿ ಕೈಗವಸು ಹಾಕಿಯೇ ಕೆಲಸ ಮಾಡಬೇಕು. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಹೇಲಿನಿಂದ ಮಣ್ಣಿಗೆ ಸೇರುತ್ತದೆ.

ಯಾರಿಗೆ ಇದು ಹೊಂದುತ್ತದೆ ಎಂದರೆ, ಧಾನ್ಯವೋ ಅಡಿಕೆಯೋ ತುಂಬಿಡುವ ಅಟ್ಟ, ಸುತ್ತ ನಾಲ್ಕು ಗುಂಟೆಯಾದರೂ ಸ್ವಂತ ಜಾಗ, ರಸ್ತೆಯಿಂದ ದೂರ, ಮನೆಯಲ್ಲಿ ದಿನವೂ ಯಾರಾದರೂ ಇರುವ ಸಂಸಾರ, ಇವಿಷ್ಟು ಇದ್ದವರಿಗೆ. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನಲ್ಲಿ ಕಾರಿನ ವೈರು ಕಡಿಯುವ ಇಲಿಗೆಂದು ಬೀದಿಗೆ ಬೆಕ್ಕು ಬಿಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕಸದ ಬುಟ್ಟಿಗೆ ಮುಚ್ಚಳ, ಚರಂಡಿಗೆ ಜಾಲರಿ ಹಾಕುವುದೇ ಕೆಲಸಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ನಮ್ಮ ಚಿಕ್ಕಪ್ಪನ ಮಗನಿಗೆ ನಮ್ಮ ಬೆಕ್ಕುಗಳ ಚಿತ್ರ ಕಳಿಸಿದಾಗ, 2022ರ ಜುಲೈಯಿಂದೀಚೆಗೆ ಅಲ್ಲಿ ಹೊಸದಾಗಿ ಸಾಕುವ ಬೆಕ್ಕನ್ನು ಆವರಣದಿಂದ ಆಚೆ ಬಿಡುವಂತೆಯೇ ಇಲ್ಲವೆಂದು ಬರೆದ. ಅಲ್ಲಿನ ಹಕ್ಕಿಗಳ, ಚಿಕ್ಕಪುಟ್ಟ ಪ್ರಾಣಿಗಳ ಪಾಡು ಗೊತ್ತಿದ್ದರೆ ಆ ನಿಯಮ ಅತಿಯೆನಿಸುವುದಿಲ್ಲ.

ಬಚ್ಚಲ ಮೋರಿಯ ಹೆಗ್ಗಣ ಈ ವರ್ಷವೂ ಬಂದಿತ್ತು. ಮೋರಿಯ ಬಾಯಿಗೆ ಅರ್ಧ ಇಂಚಿನ ಕಬ್ಬಿಣದ ಜಾಲರಿಯನ್ನು ಸಿಮೆಂಟಿನಲ್ಲಿ ಕೂರಿಸಿ, ಅಡಿಪಾಯದ ಪಕ್ಕದ ಬಿಲಕ್ಕೆ ಜಲ್ಲಿ ಮತ್ತು ಒಡೆದ ಗಾಜಿನ ಚೂರು ತುಂಬಿ ಗಾರೆ ಮೆತ್ತಿಸಿದ್ದೇವೆ. ಮೇಸ್ತ್ರಿ ಕೆಲಸ ಮಾಡುವಷ್ಟು ಹೊತ್ತೂ ಬೂದಿ ಒಗೆಯುವ ಕಲ್ಲಿನ ಮೇಲೆ ಕುಳಿತು ಆ ಬಿಲವನ್ನೇ ನೋಡುತ್ತಿತ್ತು.